80 ದಾಟಿದರೆ ಕಾರು ನಡುಗುತ್ತದೆಯೇ? ಮೊದಲು ಚಕ್ರ ಬಿಚ್ಚಿಸಿ ನೋಡಿ

ಊರೊಳಗೆ ಯಾವ ತಕರಾರೂ ಮಾಡದ ಕಾರು ಬೆಂಗಳೂರು–ಮೈಸೂರು ಹೆದ್ದಾರಿಗೆ ಇಳಿದು 80ರ ವೇಗ ದಾಟುತ್ತಿದ್ದಂತೆ ಸ್ಟೀರಿಂಗ್ ಅದುರತೊಡಗುತ್ತದೆ. ಗ್ಯಾರೇಜಿಗೆ ಹೋದರೆ ಹೆಚ್ಚಿನ ಕಡೆ ಸಿಗುವ ಮೊದಲ ಸಲಹೆ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ. ಅದಕ್ಕೆ ಹಣ ಕೊಡುವ ಮುನ್ನ ಸ್ವಲ್ಪ ತಡೆಯಿರಿ. ಅಲೈನ್‌ಮೆಂಟ್ ತಪ್ಪಿದ ಕಾರು ಒಂದು ಬದಿಗೆ ಎಳೆಯುತ್ತದೆ, ಅದರ ಟೈರ್ ಒಂದು ಅಂಚಿನಲ್ಲಿ ಬೇಗ ಸವೆಯುತ್ತದೆ. ನಡುಕಕ್ಕೆ ಅದೇ ನೇರ ಕಾರಣವಾಗುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಚಕ್ರದ ತೂಕದಲ್ಲಿ.

ಲೆಕ್ಕ ಹೀಗಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ರಿಮ್ಮಿನ ಒಂದು ಕಡೆ ಬರೀ 30 ಗ್ರಾಂ ತೂಕ ಹೆಚ್ಚಿದ್ದರೂ ಸಾಕು, ಆ ವೇಗದಲ್ಲಿ ಅದು ನಾಲ್ಕೈದು ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಜಗ್ಗುತ್ತದೆ, ಸುತ್ತು ಸುತ್ತಿಗೂ ದಿಕ್ಕು ಬದಲಿಸುತ್ತಾ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ನಗರದ ರಸ್ತೆಯಲ್ಲಿ ಅದು ಗಮನಕ್ಕೇ ಬಾರದಿರುವುದು ಇದರಿಂದಲೇ.

ನಡುಕ ಯಾವಾಗ, ಎಲ್ಲಿ?

ಗ್ಯಾರೇಜಿಗೆ ಹೋಗುವ ಮೊದಲು ನೀವೇ ಗುರುತು ಹಾಕಿಕೊಳ್ಳಬೇಕಾದ ಸಂಗತಿ ಇದು. ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಗಮನಿಸಿ. ಸ್ಟೀರಿಂಗ್ ಅದುರಿದರೆ ಸಾಮಾನ್ಯವಾಗಿ ಮುಂದಿನ ಚಕ್ರಗಳ ಮೇಲೆ ಅನುಮಾನ ಪಡಬೇಕು. ಸೀಟು ಮತ್ತು ಕಾಲಡಿಯ ನೆಲ ಅದುರಿದರೆ ಹಿಂದಿನವುಗಳ ಮೇಲೆ. ಬಳಿಕ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗ ಇಳಿಯುವ ಮೊದಲೇ ನಡುಕ ನಿಂತುಬಿಟ್ಟರೆ ಚಕ್ರವನ್ನು ಬಿಟ್ಟು, ಚಕ್ರಕ್ಕೆ ಶಕ್ತಿ ಸಾಗಿಸುವ ಆಕ್ಸಲ್‌ನ ಒಳಬದಿಯ ಜಾಯಿಂಟ್ ನೋಡಿಸಬೇಕು. ಕಾರು ನಿಂತಿರುವಾಗಲೂ ಎಂಜಿನ್ ರೇಸ್ ಮಾಡಿದಾಗ ಅದುರಿದರೆ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸಿದ ಆಧಾರ) ಪರೀಕ್ಷಿಸಲು ಹೇಳಿ. ನಡುಕದ ಜತೆ ಗುಂಯ್‌ಗುಡುವ ಸದ್ದಿದ್ದು, ತಿರುವಿನಲ್ಲಿ ಅದು ಏರಿಳಿದರೆ ವೀಲ್ ಬೇರಿಂಗ್ ಹೋಗಿರುವ ಸಾಧ್ಯತೆ ಹೆಚ್ಚು.

ಒಂದು ಎಚ್ಚರಿಕೆ. ನಿನ್ನೆಯವರೆಗೆ ಇಲ್ಲದ ಜೋರು ನಡುಕ ಇಂದು ಏಕಾಏಕಿ ಶುರುವಾದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಚಕ್ರದ ನಟ್ಟು ಸಡಿಲವಾಗಿರಬಹುದು, ಇಲ್ಲವೇ ಟೈರ್‌ನ ಒಳಪದರ ಬಿಟ್ಟುಕೊಳ್ಳುತ್ತಿರಬಹುದು. ಎರಡೂ ಪ್ರಾಣಕ್ಕೆ ಸಂಚಕಾರ ತರುವಂಥವು. ಬ್ರೇಕ್ ಜೋರಾಗಿ ತುಳಿಯದೆ ವೇಗ ಇಳಿಸಿ, ರಸ್ತೆಯ ಎಡ ಅಂಚಿಗೆ ಸರಿದು ನಿಲ್ಲಿಸಿ.

ಚಕ್ರದಲ್ಲಿ ಏನು ನೋಡಬೇಕು

ಮಲೆನಾಡು, ಕರಾವಳಿಯ ಓದುಗರು ಮಳೆಗಾಲದಲ್ಲಿ ಮೊದಲು ರಿಮ್ಮಿನ ಒಳಭಾಗಕ್ಕೆ ಕೈ ಹಾಕಬೇಕು. ಮಣ್ಣು ರಸ್ತೆಯ ಕೆಸರು ಅಲ್ಲಿ ಸೇರಿಕೊಂಡು ಒಣಗಿ ಹೆಂಟೆಯಾಗುತ್ತದೆ. ಹೊರಗಿನಿಂದ ತೊಳೆದ ಕಾರು ಥಳಥಳ ಹೊಳೆಯುತ್ತಿರುತ್ತದೆ, ಒಳಗೆ ಮುಷ್ಟಿ ಮಣ್ಣು ಹಾಗೇ ಕೂತಿರುತ್ತದೆ. ಒತ್ತಡದ ನೀರಿನಿಂದ ಒಳಮೈ ತೊಳೆಸಿದ ಮೇಲೆ ನಡುಕ ಮಾಯವಾದರೆ ನಿಮ್ಮ ಖರ್ಚು ಅಷ್ಟಕ್ಕೇ ಮುಗಿಯಿತು.

ಬಳಿಕ ಟೈರ್‌ನ ಮೇಲ್ಮೈಯನ್ನು ಅಂಗೈಯಿಂದ ಸುತ್ತಲೂ ಸವರಿ ನೋಡಿ. ತಂತಿ ಹೊರಬಂದಿರಬಹುದು, ಆದ್ದರಿಂದ ನಿಧಾನವಾಗಿ. ಎಲ್ಲಾದರೂ ಉಬ್ಬು ಸಿಕ್ಕರೆ, ಪಕ್ಕದ ಗೋಡೆ ಊದಿದ್ದರೆ ಆ ಟೈರ್‌ಗೆ ರಿಪೇರಿ ಇಲ್ಲ, ಬದಲಿಸಲೇಬೇಕು. ವಾರಗಟ್ಟಲೆ ನಿಂತಿದ್ದ ಕಾರಾದರೆ ಟೈರ್ ನೆಲ ತಾಗಿದ ಕಡೆ ಚಪ್ಪಟೆಯಾಗಿ ಅದುರುವುದುಂಟು. ಕೆಲವು ಕಿಲೋಮೀಟರ್ ಓಡಿ ಬಿಸಿಯಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಿಸಿ.

ಇನ್ನು ಬ್ಯಾಲೆನ್ಸಿಂಗ್, ಅಂದರೆ ರಿಮ್ಮಿಗೆ ಸಣ್ಣ ಲೋಹದ ತೂಕಗಳನ್ನು ಅಂಟಿಸಿ ಚಕ್ರದ ಭಾರವನ್ನು ಸುತ್ತಲೂ ಸಮ ಮಾಡುವ ಕೆಲಸ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಲ್ಲಿ, ಸಂಕೋಚ ಬೇಡ. ಹಳೆಯ ತೂಕಗಳನ್ನೆಲ್ಲ ಕಿತ್ತು, ರಿಮ್ ಒರೆಸಿ, ಆಮೇಲೆ ಯಂತ್ರಕ್ಕೆ ಏರಿಸಬೇಕು. ಪರದೆಯ ಮೇಲೆ ಎರಡು ಅಂಕಿ ಕಾಣಿಸುತ್ತವೆ: ಒಂದು ರಿಮ್ಮಿನ ಒಳಬದಿಗೆ, ಇನ್ನೊಂದು ಹೊರಬದಿಗೆ. ಅಷ್ಟಷ್ಟು ತೂಕ ಅಂಟಿಸಿದ ಮೇಲೆ ಚಕ್ರವನ್ನು ಮತ್ತೊಮ್ಮೆ ತಿರುಗಿಸಲೇಬೇಕು, ಎರಡೂ ಕಡೆ ಸೊನ್ನೆ ಬರಲೇಬೇಕು. ಈ ಎರಡನೇ ಸುತ್ತನ್ನು ತಪ್ಪಿಸುವ ಅಂಗಡಿಗೆ ಮತ್ತೆ ಹೋಗಬೇಡಿ. ಚಕ್ರ ತಿರುಗುವಾಗ ರಿಮ್ಮಿನ ಅಂಚನ್ನೇ ದಿಟ್ಟಿಸಿ. ಅದು ಓಲಾಡಿದರೆ ಗುಂಡಿಗೆ ಬಿದ್ದು ರಿಮ್ ಬೆಂಡಾಗಿದೆ ಎಂದರ್ಥ. ಬೆಂಡಾದ ರಿಮ್ಮಿಗೆ ಎಷ್ಟು ತೂಕ ಅಂಟಿಸಿ ಸೊನ್ನೆ ತಂದರೂ ನಡುಕ ಉಳಿದೇ ಇರುತ್ತದೆ. ಹೊರಗಿನಿಂದ ಕೊಂಡು ಹಾಕಿಸಿದ ಅಲಾಯ್ ಚಕ್ರವಾದರೆ, ಅದರ ನಡುವಿನ ರಂಧ್ರ ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಬಿಗಿಯಾಗಿ ಕೂರುತ್ತದೆಯೇ ಎಂದು ಕೇಳಿ. ಸಡಿಲವಿದ್ದರೆ ಆ ಸಂದು ತುಂಬುವ ಬಳೆ ಸಿಗುತ್ತದೆ.

ಆದರೂ ಅನುಮಾನ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ. ನಡುಕ ಸ್ಟೀರಿಂಗ್‌ನಿಂದ ಸೀಟಿಗೆ ಜಾರಿದರೆ ದೋಷ ಚಕ್ರದಲ್ಲೇ ಇದೆ. ಸ್ಟೀರಿಂಗ್‌ನಲ್ಲೇ ಉಳಿದರೆ ಕಾರನ್ನು ಎತ್ತಿಸಿ, ಚಕ್ರವನ್ನು ಮೇಲೆ-ಕೆಳಗೆ, ಆಮೇಲೆ ಎಡಕ್ಕೆ-ಬಲಕ್ಕೆ ಹಿಡಿದು ಅಲ್ಲಾಡಿಸಲು ಹೇಳಿ. ಮೊದಲನೆಯದರಲ್ಲಿ ಸಡಿಲು ಕಂಡರೆ ದೋಷ ಬೇರಿಂಗ್ ಅಥವಾ ಸಸ್ಪೆನ್ಷನ್‌ನ ಬಾಲ್ ಜಾಯಿಂಟ್‌ನಲ್ಲಿ, ಎರಡನೆಯದರಲ್ಲಿ ಮಾತ್ರ ಕಂಡರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನಲ್ಲಿ.

ಬ್ರೇಕ್ ಹಾಕಿದಾಗ ಮಾತ್ರ

ಬ್ರೇಕ್ ತುಳಿದಾಗ ಮಾತ್ರ ನಡುಕ ಬರುವುದಾದರೆ ಬ್ಯಾಲೆನ್ಸಿಂಗ್‌ಗೆ ಸುರಿದ ಹಣ ವ್ಯರ್ಥ. ಆಗ ಸಾಮಾನ್ಯವಾಗಿ ಬ್ರೇಕ್ ಡಿಸ್ಕ್‌ನ (ಪ್ಯಾಡ್ ಒತ್ತಿ ಹಿಡಿಯುವ ತಟ್ಟೆಯ) ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಆಗಿರುತ್ತದೆ. ಗಾಳಿ ಗನ್ನಿನಿಂದ ನಟ್ಟುಗಳನ್ನು ಮನಬಂದಂತೆ ಬಿಗಿಯುವುದೂ ಇದಕ್ಕೊಂದು ಕಾರಣ: ಡಿಸ್ಕ್ ಕೂದಲೆಳೆಯಷ್ಟು ವಾಲಿ ಕೂತು, ತಿರುಗುವಾಗ ಪ್ಯಾಡಿಗೆ ತಾಗಿ ತಾಗಿ ಒಂದೇ ಕಡೆ ಸವೆಯುತ್ತದೆ. ಡಿಸ್ಕ್‌ನ ಮೇಲೆ ಅದರ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಲೇತ್ ಯಂತ್ರದಲ್ಲಿ ಹಿಡಿಸಿ ಮೇಲ್ಮೈ ಸಮ ಮಾಡಿಸಿದ ಮೇಲೂ ಅದಕ್ಕಿಂತ ದಪ್ಪ ಉಳಿಯುವುದಾದರೆ ಹಿಡಿಸಬಹುದು. ಇಲ್ಲವಾದರೆ ಎಡ-ಬಲ ಎರಡನ್ನೂ ಒಟ್ಟಿಗೇ ಬದಲಿಸಿ.

ಕೆಲಸ ಯಾವುದೇ ಇರಲಿ, ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಕೊನೆಗೆ ಟಾರ್ಕ್ ರೆಂಚ್‌ನಿಂದ (ಅಳತೆ ಮಾಡಿ ಬಿಗಿಯುವ ಪಾನದಿಂದ) ಬಿಗಿಸಿಕೊಳ್ಳಿ. ಎಷ್ಟು ಬಿಗಿ ಎಂಬುದು ಕಾರಿನ ಕೈಪಿಡಿಯಲ್ಲಿದೆ. 80–100 ಕಿ.ಮೀ. ಓಡಿದ ನಂತರ ಅದೇ ಅಳತೆಗೆ ಇನ್ನೊಮ್ಮೆ ಪರೀಕ್ಷಿಸಿ.