ಗೂಲ್ಡ್‌ನ ಎರಡು ಧ್ವನಿಮುದ್ರಣಗಳನ್ನು ಜೊತೆಗಿಟ್ಟು ಕೇಳುವ ಬಗೆ

ಮೊದಲು ಹೆಡ್‌ಫೋನ್ ಹಾಕಿಕೊಳ್ಳಿ. ಪಿಯಾನೋ ನುಡಿಸುತ್ತಲೇ ಗುನುಗುವುದು ಕೆನಡಾದ ಪಿಯಾನೋವಾದಕ ಗ್ಲೆನ್ ಗೂಲ್ಡ್‌ನ ಅಭ್ಯಾಸವಾಗಿತ್ತು. ಮೊದಲ ಸಲ ಕೇಳಿದಾಗ ಹಿಂದೆ ಯಾರೋ ನಿಂತಿದ್ದಾರೆಂದು ನಾನು ತಿರುಗಿ ನೋಡಿದ್ದೆ.

ಜರ್ಮನ್ ಸಂಯೋಜಕ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸನ್ನು (ಒಂದು ಮೂಲ ಧಾಟಿ, ಅಂದರೆ ಏರಿಯಾ, ಮತ್ತು ಅದರ ಮೂವತ್ತು ರೂಪಾಂತರಗಳು, ಅಂದರೆ ವೇರಿಯೇಷನ್‌ಗಳು) ಅವನು ನ್ಯೂಯಾರ್ಕಿನಲ್ಲಿ 1955ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ ಧ್ವನಿಮುದ್ರಿಸಿದ. ಇಡೀ ಕೃತಿಗೆ ಕೈಹಾಕಬೇಡಿ. ಆರಂಭದ ಏರಿಯಾವನ್ನಷ್ಟೇ ಎರಡರಲ್ಲೂ ಕೇಳಿ. ಹಳೆಯದು ಎರಡು ನಿಮಿಷದೊಳಗೆ ಮುಗಿಯುತ್ತದೆ, ಹೊಸದು ಮೂರು ನಿಮಿಷ ದಾಟುತ್ತದೆ. ಸ್ವರಗಳು ಅವೇ! ಎಡಗೈಯನ್ನೇ ಹಿಂಬಾಲಿಸಿ, ಬಲಗೈ ಹೇಗೂ ಕಿವಿಗೆ ಬೀಳುತ್ತದೆ.

ಆಮೇಲೆ 25ನೆಯ ವೇರಿಯೇಷನ್. ಇಲ್ಲಿ ಲೆಕ್ಕ ತಲೆಕೆಳಗು: 1955ರ ಯುವಕ ಗೂಲ್ಡನೇ ಹೆಚ್ಚು ನಿಧಾನ. ನನಗೆ ಆ ಹಳೆಯ ಕೊರಗು ತುಸು ಅತಿ ಎನಿಸುತ್ತದೆ. ನೀವು ಒಪ್ಪಬೇಕಿಲ್ಲ.

ಎರಡರ ನಡುವೆ, 1964ರಲ್ಲಿ, ಲಾಸ್ ಏಂಜಲೀಸ್‌ನ ಸಂಗೀತ ಕಛೇರಿಯೊಂದರ ನಂತರ ಅವನು ವೇದಿಕೆಯನ್ನೇ ಬಿಟ್ಟ. ಆಗ ವಯಸ್ಸು 31. ಉಳಿದದ್ದೆಲ್ಲ ಸ್ಟುಡಿಯೋ, ತುಣುಕು ತುಣುಕಾಗಿ ನುಡಿಸಿ, ಟೇಪು ಕತ್ತರಿಸಿ ಜೋಡಿಸುವುದು ಅವನಿಗೆ ಮೋಸವೆನಿಸಲಿಲ್ಲ.

ಕಿರುಗುಟ್ಟುವ ಸದ್ದು ಕೇಳಿಸಿದರೆ ಹೆಡ್‌ಫೋನ್ ಬದಲಿಸಬೇಡಿ. ಅದು ಕುರ್ಚಿ. ಅಪ್ಪ ಕಾಲು ಕತ್ತರಿಸಿ ತಗ್ಗಿಸಿಕೊಟ್ಟ ಆ ಮಡಚುವ ಕುರ್ಚಿಯನ್ನು ಅವನು ಪ್ರವಾಸಕ್ಕೂ ಹೊತ್ತೊಯ್ಯುತ್ತಿದ್ದ.