ಮಿಲ್ಲಿನ ಆಡಿಟ್: ಅಟ್ಟಿಯ ಹಿಂಬದಿಯನ್ನೂ ನೋಡಿ

ಏಪ್ರಿಲ್ ಬಂತೆಂದರೆ ದಾವಣಗೆರೆ, ಹರಿಹರದ ಸುತ್ತಿನ ಅಕ್ಕಿ ಮಿಲ್ಲುಗಳಲ್ಲಿ ಒಂದೇ ಆಟ. ಆಡಿಟರ್ ಕಚೇರಿಯಿಂದ ಬಂದ ಇಬ್ಬರು ಹುಡುಗರು ಆಫೀಸಿನ ಫ್ಯಾನಿನ ಕೆಳಗೆ ಕೂರುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ಬರುತ್ತದೆ, ಚಹಾ ಬರುತ್ತದೆ, ಅದರ ಹಿಂದೆಯೇ ಗುಮಾಸ್ತರು ಕಂಪ್ಯೂಟರಿನಿಂದ ತೆಗೆದ ದಾಸ್ತಾನು ಪಟ್ಟಿಯೂ ಬರುತ್ತದೆ. ಗೋದಾಮಿನ ಬಾಗಿಲಲ್ಲಿ ನಿಂತು ಒಮ್ಮೆ ಇಣುಕಿ, ಪಟ್ಟಿಯ ಪ್ರತಿ ಸಾಲಿಗೂ ಟಿಕ್ ಹಾಕಿ, ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಂಜೆಯ ಬಸ್ಸು ಹಿಡಿಯುತ್ತಾರೆ. ಆ ಪಟ್ಟಿ ಕೊಟ್ಟವರ ಲೆಕ್ಕವನ್ನೇ ತಾವು ಪರೀಕ್ಷಿಸಲು ಬಂದದ್ದು ಎಂಬುದು ತಲೆಗೆ ಹೊಳೆಯುವುದೇ ಇಲ್ಲ. ಆಡಿಟಿಂಗ್ ಓದುತ್ತಿರುವ ಬಿ.ಕಾಂ. ವಿದ್ಯಾರ್ಥಿಗಳಿಗೆ, ಸಿ.ಎ. ಆರ್ಟಿಕಲ್‌ಶಿಪ್‌ಗೆ ಈಗಷ್ಟೇ ಸೇರಿದವರಿಗೆ ಈ ಲೇಖನ. ಉದಾಹರಣೆಗೆ ಅಕ್ಕಿ ಮಿಲ್ಲು ನಡೆಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನೇ ಇಟ್ಟುಕೊಳ್ಳೋಣ.

ತತ್ವ ಇಷ್ಟೆ. ಲೆಕ್ಕ ತಯಾರಿಸುವುದು ಆಡಳಿತ ಮಂಡಳಿಯ ಹೊಣೆ. ಅದು ನೈಜ ಮತ್ತು ನ್ಯಾಯಯುತ ಚಿತ್ರ ಕೊಡುತ್ತದೆಯೇ ಎಂದು ಹೊರಗೆ ನಿಂತು ಅಭಿಪ್ರಾಯ ಹೇಳುವುದು ಆಡಿಟರ್ ಹೊಣೆ. ಕೊಡಬೇಕಾದದ್ದು ಸಮಂಜಸ ಭರವಸೆ; ಸಂಪೂರ್ಣ ಖಾತರಿ ಯಾರೂ ಕೊಡಲಾರರು. ಪುರಾವೆಗಳಲ್ಲೂ ಮೇಲು ಕೀಳು ಇದೆ. ನೀವೇ ಕಣ್ಣಾರೆ ಕಂಡದ್ದು, ಹೊರಗಿನವರು ನೇರವಾಗಿ ನಿಮಗೆ ಬರೆದು ತಿಳಿಸಿದ್ದು ಮೇಲು. ಕಂಪನಿಯೇ ತಯಾರಿಸಿ ಕೈಗಿಟ್ಟ ಕಾಗದ ಅದಕ್ಕಿಂತ ಕೆಳಗೆ. ಬಾಯಿಮಾತು ಎಲ್ಲಕ್ಕಿಂತ ಕೆಳಗೆ.

ಹಂತ 1: ಒಪ್ಪುವ ಮೊದಲು ನಂಟು ನೋಡಿ

ನಮ್ಮ ಊರುಗಳಲ್ಲಿ ಮಿಲ್ ಮಾಲೀಕರ ಮನೆಗೂ ಆಡಿಟರ್ ಮನೆಗೂ ಬೀಗತನ ಇರುವುದು ಅಪರೂಪವೇನಲ್ಲ. ಕಂಪನಿ ಕಾಯ್ದೆ 2013ರ ಸೆಕ್ಷನ್ 141ರ ಪ್ರಕಾರ ಆಡಿಟರ್, ಅವರ ಪಾಲುದಾರರು ಅಥವಾ ಕಾಯ್ದೆ ಹೇಳುವ ಸಂಬಂಧಿಕರು ಕಂಪನಿಗೆ 5 ಲಕ್ಷ ರೂಪಾಯಿಗಿಂತ ಹೆಚ್ಚು ಬಾಕಿ ಉಳಿಸಿಕೊಂಡಿದ್ದರೆ ಆಡಿಟರ್ ಅನರ್ಹ. ಸಂಬಂಧಿಕರು ಅದೇ ಕಂಪನಿಯ ನಿರ್ದೇಶಕರಾಗಿದ್ದರೂ ಅನರ್ಹ. ಸೆಕ್ಷನ್ 144 ಇನ್ನೂ ಖಾರ: ಕಂಪನಿಯ ಲೆಕ್ಕದ ಪುಸ್ತಕ ಬರೆದುಕೊಡುವ ಕೆಲಸವನ್ನು ಅದರ ಆಡಿಟರ್ ಮಾಡುವಂತಿಲ್ಲ. ‘ನೀವೇ ಎಂಟ್ರಿ ಹಾಕಿ, ನೀವೇ ಸಹಿ ಮಾಡಿಬಿಡಿ ಸಾರ್’ ಎನ್ನುವವರಿಗೆ ಕೈ ಮುಗಿದು ಹೊರಡಿ. ಒಪ್ಪಿದರೆ ನೇಮಕದ ಷರತ್ತುಗಳನ್ನು ಪತ್ರದಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ.

ಹಂತ 2: ಎಷ್ಟು ತಪ್ಪಿದರೆ ತಪ್ಪು?

ಪ್ರತಿ ವೋಚರ್ ನೋಡಲು ಸಾಧ್ಯವಿಲ್ಲ, ನೋಡಬೇಕಾಗಿಯೂ ಇಲ್ಲ. ಲೆಕ್ಕ ಓದುವವರ ನಿರ್ಧಾರವನ್ನೇ ಬದಲಿಸುವಷ್ಟು ದೊಡ್ಡ ತಪ್ಪು ಯಾವುದು ಎಂಬ ಮಿತಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಎಸ್‌ಎ 320 ಎಂಬ ಆಡಿಟಿಂಗ್ ಮಾನದಂಡ ಇದನ್ನು ಹೇಳುತ್ತದೆ, ಆದರೆ ಇಂತಿಷ್ಟೇ ಶೇಕಡಾ ಎಂದು ಕಟ್ಟು ಹಾಕುವುದಿಲ್ಲ. ರೂಢಿಯಲ್ಲಿ ತೆರಿಗೆಗೆ ಮುಂಚಿನ ಲಾಭದ ಶೇ 5 ಅಥವಾ ವಹಿವಾಟಿನ ಶೇ 0.5ರಿಂದ 1 ಹಿಡಿಯುತ್ತಾರೆ. ನಮ್ಮ ಮಿಲ್ಲಿನ ವಹಿವಾಟು 40 ಕೋಟಿ, ಲಾಭ 80 ಲಕ್ಷ ಎನ್ನೋಣ. ಲಾಭದ ಲೆಕ್ಕದಲ್ಲಿ ಮಿತಿ 4 ಲಕ್ಷ, ವಹಿವಾಟಿನ ಲೆಕ್ಕದಲ್ಲಿ 20ರಿಂದ 40 ಲಕ್ಷ. ಭತ್ತದ ದರ ಏರಿಳಿದಂತೆ ಲಾಭವೂ ಕುಣಿಯುವ ಧಂದೆಯಿದು, ಆದ್ದರಿಂದ ವಹಿವಾಟನ್ನೇ ಹಿಡಿಯಬೇಕು ಎನ್ನುವವರಿದ್ದಾರೆ. ನಾನು ಚಿಕ್ಕದನ್ನೇ ಹಿಡಿಯಿರಿ ಎನ್ನುತ್ತೇನೆ. ಕೆಲಸ ಹೆಚ್ಚುತ್ತದೆ, ಹೆಚ್ಚಲಿ. ಯಾವುದನ್ನು ಹಿಡಿದರೂ ಏಕೆಂದು ಒಂದು ಸಾಲು ಕಡತದಲ್ಲಿ ಬರೆದಿಡಿ.

ಹಂತ 3: ಎಣಿಕೆ

ಎಲ್ಲರೂ ಕೆಡಿಸುವ ಹಂತ ಇದೇ, ಮತ್ತು ಇದು ಹಳೆಯ ಚಾಳಿ. 1896ರಲ್ಲಿ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಕಿಂಗ್‌ಸ್ಟನ್ ಕಾಟನ್ ಮಿಲ್ ಪ್ರಕರಣ ಬಂತು. ಮ್ಯಾನೇಜರ್ ವರ್ಷಗಟ್ಟಲೆ ದಾಸ್ತಾನನ್ನು ಉಬ್ಬಿಸಿ ತೋರಿಸಿದ್ದ. ಆಡಿಟರ್‌ಗಳು ಅವನ ಪ್ರಮಾಣಪತ್ರವನ್ನೇ ನಂಬಿದ್ದರು. ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿ ಅಲ್ಲ ಎಂದು ನ್ಯಾಯಾಧೀಶರು ಅವರನ್ನು ಬಿಟ್ಟರು. ಪರೀಕ್ಷೆಯಲ್ಲಿ ಈ ಮಾತನ್ನು ಬರೆದು ಅಂಕ ಗಳಿಸುವವರು ಮುಂದಿನ ಕತೆಯನ್ನೂ ಓದಬೇಕು. 1938ರಲ್ಲಿ ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಡಾಲರ್ ಬರೀ ಕಾಗದದ ಮೇಲಿತ್ತು. ಕೆನಡಾದ ಗೋದಾಮುಗಳಲ್ಲಿದೆ ಎಂದ ಮಾಲು ಎಲ್ಲೂ ಇರಲಿಲ್ಲ. ಆಮೇಲೆ ಅಲ್ಲಿ ದಾಸ್ತಾನಿನ ಎಣಿಕೆಗೆ ಆಡಿಟರ್ ಖುದ್ದು ಹೋಗುವುದು ಕಡ್ಡಾಯವಾಯಿತು. ನಮ್ಮಲ್ಲಿ ದಾಸ್ತಾನು ದೊಡ್ಡದಾಗಿದ್ದರೆ ಹೋಗಲೇಬೇಕು ಎನ್ನುವುದು ಎಸ್‌ಎ 501.

ಸಾಧ್ಯವಾದಷ್ಟೂ ಮಾರ್ಚ್ 31ಕ್ಕೇ ಹೋಗಿ. ತಡ ಮಾಡಿದಿರೋ, ಭದ್ರಾ ನಾಲೆಯ ಬೇಸಿಗೆ ಭತ್ತ ಬರತೊಡಗಿ ಹಳೆಯದು ಹೊಸದು ಬೆರೆತುಹೋಗುತ್ತದೆ. ಹೋದ ಕೂಡಲೇ ಪಟ್ಟಿ ಕೇಳಬೇಡಿ. ಗೇಟ್ ರಿಜಿಸ್ಟರ್ ತೆಗೆಸಿ, ಕೊನೆಯ ಒಳಬಂದ ಲಾರಿಯ ನಮೂದು, ಕೊನೆಯ ಹೊರಹೋದ ಲಾರಿಯ ನಮೂದು, ಕೊನೆಯ ಬಿಲ್ ಸಂಖ್ಯೆ, ಕೊನೆಯ ವೇಬ್ರಿಡ್ಜ್ ಚೀಟಿಯ ಸಂಖ್ಯೆ ಬರೆದುಕೊಳ್ಳಿ. ಎಣಿಕೆ ಮುಗಿಯುವವರೆಗೆ ಮಾಲಿನ ಓಡಾಟ ನಿಲ್ಲಿಸುವಂತೆ ಮಾಲೀಕರನ್ನು ಕೇಳಿ. ಎಣಿಸುವುದು ಅವರ ಜನರ ಕೆಲಸ. ಅವರು ಎಣಿಸುವುದನ್ನು ನೋಡುವುದು, ಆಮೇಲೆ ಕೆಲವನ್ನು ನೀವೇ ಎಣಿಸುವುದು ನಿಮ್ಮದು.

ಎಣಿಕೆ ಎರಡು ದಿಕ್ಕಿನಲ್ಲಿ ನಡೆಯಬೇಕು. ಪಟ್ಟಿಯಲ್ಲಿ ಇರುವುದನ್ನು ಗೋದಾಮಿನಲ್ಲಿ ಹುಡುಕಿದರೆ ಇಲ್ಲದ ಮಾಲು ಸಿಕ್ಕಿಬೀಳುತ್ತದೆ. ಗೋದಾಮಿನಲ್ಲಿ ಕಂಡದ್ದನ್ನು ಪಟ್ಟಿಯಲ್ಲಿ ಹುಡುಕಿದರೆ ಬಚ್ಚಿಟ್ಟ ಮಾಲು ಸಿಗುತ್ತದೆ. ಬ್ಯಾಂಕ್ ಸಾಲಕ್ಕಾಗಿ ದಾಸ್ತಾನು ಉಬ್ಬಿಸುವವರಿದ್ದಾರೆ, ತೆರಿಗೆಗಾಗಿ ತಗ್ಗಿಸುವವರಿದ್ದಾರೆ. ಹುಡುಗರು ಮೊದಲನೆಯದನ್ನಷ್ಟೇ ಮಾಡಿ ಬರುತ್ತಾರೆ.

ಈಗ ಅಟ್ಟಿ. ಚೀಲಗಳ ಒಂದು ಅಟ್ಟಿ ಉದ್ದಕ್ಕೆ 12, ಅಗಲಕ್ಕೆ 8, ಎತ್ತರಕ್ಕೆ 15 ಇದೆ ಎಂದುಕೊಳ್ಳಿ. ಗುಣಿಸಿದರೆ 1,440. ಎದುರಿನಿಂದ, ಪಕ್ಕದಿಂದ ನೋಡಿದರೂ 1,440ರಂತೆಯೇ ಕಾಣುತ್ತದೆ. ಒಳಗೆ 4 ಉದ್ದ, 2 ಅಗಲದಷ್ಟು ಜಾಗವನ್ನು ಖಾಲಿ ಬಿಟ್ಟು ಮೇಲಿನ ಒಂದು ಪದರ ಮುಚ್ಚಿದರೆ 14 ಪದರಗಳಲ್ಲಿ 112 ಚೀಲ ಮಾಯ. ಚೀಲಕ್ಕೆ 50 ಕಿಲೋದಂತೆ 56 ಕ್ವಿಂಟಲ್. ಕ್ವಿಂಟಲ್‌ಗೆ 4,000 ಎಂದರೂ 2.24 ಲಕ್ಷ ರೂಪಾಯಿ. ಅಂಥ ಎರಡು ಅಟ್ಟಿ ಇದ್ದರೆ ನಾವು ಹಾಕಿಕೊಂಡ 4 ಲಕ್ಷದ ಮಿತಿ ದಾಟಿತು. ಆದ್ದರಿಂದ ಅಟ್ಟಿಯ ಮೇಲೆ ಹತ್ತಿ. ಏಣಿ ಇಲ್ಲ ಎಂದರೆ ತರಿಸಿ. ಯಾವ ಅಟ್ಟಿ ಬಿಚ್ಚಬೇಕೆಂದು ನೀವೇ ಆರಿಸಿ, ನಡುವಿನ ನಾಲ್ಕಾರು ಚೀಲಗಳನ್ನು ಹಮಾಲರಿಂದ ಎತ್ತಿಸಿ. ಹಮಾಲಿ ಯಾರು ಕೊಡುತ್ತಾರೆ ಎಂಬ ಜಗಳ ಬರುತ್ತದೆ. ಹೋಗುವ ಮೊದಲೇ ಪತ್ರದಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಚೀಲದ ಬಾಯಿ ಬಿಚ್ಚಿಸಿ ಕೈ ಹಾಕಿ ನೋಡಿ. ಮೇಲೆ ಸೋನಾ ಮಸೂರಿ, ಕೆಳಗೆ ನುಚ್ಚು ಇರಬಹುದು. ಕೆಲವು ಚೀಲ ತೂಗಿಸಿ, ಏಕೆಂದರೆ ಚೀಲ ಎಣಿಸಿದ ಮಾತ್ರಕ್ಕೆ ಕ್ವಿಂಟಲ್ ಎಣಿಸಿದಂತಾಗಲಿಲ್ಲ.

ಅಲ್ಲಿರುವುದೆಲ್ಲ ಮಿಲ್ಲಿನದೇ ಎಂದೂ ತಿಳಿಯಬೇಡಿ. ಸರ್ಕಾರಕ್ಕೆ ಅಕ್ಕಿ ಮಾಡಿಕೊಡಲು ಬಂದ ಭತ್ತ, ರೈತರು ಬೆಲೆ ಏರಲೆಂದು ಇಟ್ಟು ಹೋದ ಭತ್ತ ಕಂಪನಿಯ ದಾಸ್ತಾನಲ್ಲ. ಆದರೆ ಬೇರೆ ಗೋದಾಮಿನಲ್ಲಿಟ್ಟ ಮಿಲ್ಲಿನ ಮಾಲೂ ಲೆಕ್ಕಕ್ಕೆ ಬರಬೇಕು. ಎರಡನ್ನೂ ಬೇರೆ ಹಾಳೆಯಲ್ಲಿ ಬರೆಯಿರಿ.

ಸಾಧನಗಳ ಬಗ್ಗೆ ಒಂದು ಮಾತು. ಜೆಲ್ ಪೆನ್ ಬೇಡ, ತವುಡಿನ ಧೂಳಿಗೆ ಅದು ಬೇಗ ಕೈಕೊಡುತ್ತದೆ; ಬಾಲ್ ಪೆನ್ನೇ ಸರಿ. ಪೆನ್ಸಿಲ್ ಖಂಡಿತ ಬೇಡ, ಅಳಿಸಬಹುದಾದ ಎಣಿಕೆಗೆ ಬೆಲೆಯಿಲ್ಲ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಚೆಕ್‌ಲಿಸ್ಟ್‌ಗಳಂತೂ ಶುದ್ಧ ಪೀಡೆ. ಅಕ್ಕಿ ಮಿಲ್ಲಿನ ಕಡತದಲ್ಲಿ ‘ಸಿಮೆಂಟ್ ಕ್ಲಿಂಕರ್ ಪರಿಶೀಲಿಸಲಾಗಿದೆ’ ಎಂಬ ಸಾಲನ್ನು ಕಂಡಿದ್ದೇನೆ.

ಮಾರ್ಚ್ 31ಕ್ಕೆ ಹೋಗಲಾಗದಿದ್ದರೆ ಹಿಂದಕ್ಕೆ ಲೆಕ್ಕ ಹಾಕಬೇಕು. ಏಪ್ರಿಲ್ 4ರ ಸಂಜೆ 2,310 ಚೀಲ ಅಕ್ಕಿ ಇತ್ತು. ಆ ನಾಲ್ಕು ದಿನದಲ್ಲಿ ತಯಾರಾದದ್ದು 420, ಗೇಟ್ ದಾಟಿದ್ದು 650. ಹಾಗಾದರೆ ಮಾರ್ಚ್ 31ರಂದು ಇದ್ದದ್ದು 2,310ಕ್ಕೆ 650 ಕೂಡಿಸಿ 420 ಕಳೆದರೆ 2,540. ಪುಸ್ತಕದಲ್ಲಿ 2,600 ಇದೆ. ಉಳಿದ 60 ಎಲ್ಲಿ? ಗೇಟ್ ರಿಜಿಸ್ಟರ್ ನೋಡಿದರೆ ಮಾರ್ಚ್ 31ರ ರಾತ್ರಿ 60 ಚೀಲದ ಒಂದು ಗಾಡಿ ಹೊರಟಿದೆ, ಬಿಲ್ ಮಾತ್ರ ಏಪ್ರಿಲ್ 2ರದು. ಮಾಲು ಗೇಟಿನಲ್ಲೇ ಗ್ರಾಹಕರದ್ದಾಯಿತು ಎಂಬ ಕರಾರಿದ್ದರೆ ಆ ಮಾರಾಟ ಹಳೆಯ ವರ್ಷಕ್ಕೆ ಸೇರಬೇಕು, ದಾಸ್ತಾನಿನಿಂದ 60 ಚೀಲ ಇಳಿಯಬೇಕು. ಹೊರಹೋದ ಮಾಲನ್ನು ಬಿಲ್ ನೋಡಿ ಲೆಕ್ಕ ಹಾಕಿದ್ದರೆ ಇದು ಕೈಗೇ ಸಿಗುತ್ತಿರಲಿಲ್ಲ.

ಕೊನೆಗೆ ಆಫೀಸಿಗೆ ಬಂದು ಇಡೀ ವರ್ಷದ ತಾಳೆ ನೋಡಿ. ಸರ್ಕಾರದ ಭತ್ತ ಅರೆದಾಗ ಬರಬೇಕೆಂದು ನಿಗದಿಯಾದ ಅಕ್ಕಿಯ ಪ್ರಮಾಣ ಹಸಿ ಅಕ್ಕಿಗೆ ಶೇ 67, ಕುಸುಬಲು ಅಕ್ಕಿಗೆ ಶೇ 68. ನಿಮ್ಮ ಮಿಲ್ಲು ಶೇ 58 ತೋರಿಸಿದರೆ ಕಾರಣ ಕೇಳಿ. ತಿಂಗಳ ವಿದ್ಯುತ್ ಬಿಲ್ಲಿನ ಯೂನಿಟ್‌ಗಳನ್ನು ಅರೆದ ಕ್ವಿಂಟಲ್‌ಗಳ ಪಕ್ಕದಲ್ಲಿಟ್ಟು ನೋಡಿ. ಯೂನಿಟ್ ಏರಿ ಅಕ್ಕಿ ಇಳಿದ ತಿಂಗಳಲ್ಲಿ ಏನೋ ನಡೆದಿದೆ. ಕ್ಯಾರೋ 2020 (ಆಡಿಟ್ ವರದಿಯಲ್ಲಿ ಏನೇನು ಹೇಳಬೇಕೆಂಬ ಕೇಂದ್ರ ಸರ್ಕಾರದ ಆದೇಶ) ಅನ್ವಯಿಸುವ ಕಂಪನಿಯಾದರೆ ಯಾವುದೇ ವರ್ಗದ ದಾಸ್ತಾನಿನಲ್ಲಿ ಶೇ 10 ಅಥವಾ ಹೆಚ್ಚಿನ ವ್ಯತ್ಯಾಸವನ್ನು ವರದಿಯಲ್ಲಿ ಹೇಳಬೇಕು. ದುಡಿಯುವ ಬಂಡವಾಳದ ಮಂಜೂರಾತಿ 5 ಕೋಟಿ ಮೀರಿದ್ದರೆ ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಪಟ್ಟಿ ಪುಸ್ತಕಕ್ಕೆ ಹೊಂದುತ್ತದೆಯೇ ಎಂಬುದನ್ನೂ ಹೇಳಬೇಕು.

ಹಂತ 4: ಬಾಕಿಯ ಪತ್ರಗಳು

ಬ್ಯಾಂಕ್, ಗ್ರಾಹಕರು, ದಲ್ಲಾಳಿ ಮಂಡಿಯವರಿಗೆ ಬಾಕಿ ದೃಢೀಕರಣದ ಪತ್ರ ಹೋಗಬೇಕು. ಕಂಪನಿಯ ಲೆಟರ್‌ಹೆಡ್ ಇರಲಿ, ಆದರೆ ಅಂಚೆಗೆ ಹಾಕುವುದು ನೀವು, ಉತ್ತರ ಬರುವುದು ನಿಮ್ಮ ವಿಳಾಸಕ್ಕೆ. ಗುಮಾಸ್ತರ ಮೊಬೈಲಿಗೆ ಬಂದ ವಾಟ್ಸ್‌ಆ್ಯಪ್ ಚಿತ್ರವನ್ನು ದೃಢೀಕರಣವೆಂದು ಒಪ್ಪಬೇಡಿ. ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ತಪ್ಪೊಪ್ಪಿಗೆ ಪತ್ರ ಬರೆದಾಗ, ಪುಸ್ತಕದಲ್ಲಿದ್ದೂ ನಿಜದಲ್ಲಿ ಇಲ್ಲದಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,000 ಕೋಟಿ ರೂಪಾಯಿಗೂ ಹೆಚ್ಚಿತ್ತು. ಉತ್ತರ ಬಾರದವರ ಬಾಕಿಗೆ, ವರ್ಷ ಮುಗಿದ ಮೇಲೆ ಅವರಿಂದ ಬಂದ ಹಣವನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೇ ಹುಡುಕಿ.

ಹಂತ 5: ಉಳಿದದ್ದು

ವೋಚರ್‌ಗಳನ್ನು ಮಾದರಿ ಆರಿಸಿ ನೋಡಿ, ಯಂತ್ರಗಳನ್ನು ಒಮ್ಮೆ ಕಣ್ಣಾಡಿಸಿ, ತೆರಿಗೆ ಬಾಕಿ ನೋಡಿ. ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಯ ದಾಖಲೆ ಚಾಲೂ ಇದೆಯೇ ನೋಡಿ. ಕಂಪನಿಗಳಿಗೆ ಇದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಆಡಳಿತ ಮಂಡಳಿಯ ಲಿಖಿತ ಹೇಳಿಕೆ ಪಡೆಯಿರಿ, ಆದರೆ ಅದು ಎಣಿಕೆಗೆ ಬದಲಿಯಲ್ಲ.

ಹಂತ 6: ವರದಿ

ಎಲ್ಲ ಸರಿ ಇದ್ದರೆ ಶುದ್ಧ ಅಭಿಪ್ರಾಯ. ತಪ್ಪು ದೊಡ್ಡದು, ಆದರೆ ಒಂದು ಮೂಲೆಗೆ ಸೀಮಿತ ಎಂದಾದರೆ ಷರತ್ತುಬದ್ಧ ಅಭಿಪ್ರಾಯ. ಇಡೀ ಲೆಕ್ಕಕ್ಕೇ ಹಬ್ಬಿದ್ದರೆ ಪ್ರತಿಕೂಲ ಅಭಿಪ್ರಾಯ. ಮಾಲೀಕರು ಅಟ್ಟಿ ಬಿಚ್ಚಲು ಬಿಡಲಿಲ್ಲ, ಬೇರೆ ದಾರಿಯಲ್ಲೂ ಪುರಾವೆ ಸಿಗಲಿಲ್ಲ ಎಂದರೆ ಅದು ಪುರಾವೆಯ ಕೊರತೆ: ಪರಿಣಾಮ ಸೀಮಿತವಾಗಿದ್ದರೆ ಷರತ್ತು, ವ್ಯಾಪಕವಾಗಿದ್ದರೆ ಅಭಿಪ್ರಾಯವನ್ನೇ ನಿರಾಕರಿಸಬೇಕು. ಅಧಿಕಾರಿಗಳು ಅಥವಾ ನೌಕರರು 1 ಕೋಟಿ ರೂಪಾಯಿ ಅಥವಾ ಹೆಚ್ಚಿನ ವಂಚನೆ ಮಾಡಿದ್ದಾರೆಂದು ನಂಬಲು ಕಾರಣವಿದ್ದರೆ ಸೆಕ್ಷನ್ 143ರ ಪ್ರಕಾರ ಕೇಂದ್ರ ಸರ್ಕಾರಕ್ಕೆ ತಿಳಿಸಬೇಕು.

ಸಹಿಯ ಜೊತೆ ಯುಡಿಐಎನ್, ಅಂದರೆ ಆ ವರದಿಗೆಂದೇ ಪಡೆದ ಗುರುತಿನ ಸಂಖ್ಯೆ, ಇರಬೇಕು. ವರದಿಯ ದಿನಾಂಕದಿಂದ 60 ದಿನದೊಳಗೆ ಕಡತ ಕಟ್ಟಿ ಮುಗಿಸಿ, ಏಳು ವರ್ಷ ಕಾಪಾಡಿ. ಗೋದಾಮಿನಲ್ಲಿ ನಿಂತು ಬರೆದ ಮೂಲ ಹಾಳೆ, ತವುಡು ಮೆತ್ತಿದ್ದರೂ, ಕಡತದಲ್ಲಿ ಮುಂದಿರಲಿ. ಟೈಪ್ ಮಾಡಿದ ಅಂದದ ಪ್ರತಿ ಅದರ ಹಿಂದಿರಲಿ.