ಪೇಟಿ ನುಡಿಸುವವರ ಎಡಗೈ ಮತ್ತು ಸಣ್ಣ ಮಿಡಿ ಕೀಬೋರ್ಡ್: ನನ್ನ ಅನುಭವ

ಲ್ಯಾಪ್‌ಟಾಪಿಗೆ ಜೋಡಿಸಿ ನುಡಿಸುವ ಸಣ್ಣ ಮಿಡಿ ಕೀಬೋರ್ಡ್ ಯಾವುದು ತಗೋಬೇಕು ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು ಇದು: ನಿಮ್ಮ ಎಡಗೈ ಏನು ಮಾಡುತ್ತದೆ? ಪಿಯಾನೊ ಕಲಿತವರಿಗೆ ಎರಡೂ ಕೈ ಕೀಗಳ ಮೇಲೆಯೇ ಬೇಕು. ಆದರೆ ನಮ್ಮ ಕೊಪ್ಪಳ, ರಾಯಚೂರು ಕಡೆ ಜಾಸ್ತಿ ಜನ ಕಲಿತದ್ದು ಪೇಟಿ, ಅಂದರೆ ಹಾರ್ಮೋನಿಯಂ, ಅದೂ ಮಠದ ಭಜನೆಯಲ್ಲೋ, ನಾಟಕದ ಪೇಟಿ ಮಾಸ್ತರರ ಪಕ್ಕದಲ್ಲಿ ಕೂತೋ. ಬಲಗೈ ಸ್ವರಕ್ಕೆ, ಎಡಗೈ ಗಾಳಿ ತುಂಬುವ ತಿದಿಗೆ. ಆ ಅಭ್ಯಾಸವನ್ನೇ ಹಿಡಿದು ಹೊರಟರೆ ಆಯ್ಕೆ ತುಂಬಾ ಸುಲಭವಾಗುತ್ತದೆ.

ನಾನು ಕೊಪ್ಪಳದಲ್ಲಿ ಮನೆಯ ಒಂದು ಸಣ್ಣ ಕೋಣೆಯಲ್ಲಿ ತತ್ವಪದ, ವಚನ, ಮೊಹರಂ ರಿವಾಯತ್ ಹಾಡುಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಹಾಡುವವರು ನಮ್ಮೂರಿನವರೇ, ಆಸುಪಾಸಿನ ಹಳ್ಳಿಯವರೇ. ಪೇಟಿಯನ್ನೇ ಮೈಕ್ ಮುಂದೆ ಇಟ್ಟು ರೆಕಾರ್ಡ್ ಮಾಡಬಹುದಲ್ವಾ ಅಂತ ಅನಿಸಬಹುದು. ಮಾಡಬಹುದು, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿ ಕೂರುವುದು ಇಲ್ಲಿ ಆಗದ ಮಾತು, ಫ್ಯಾನ್ ತಿರುಗಿದರೆ ಅದರ ಸದ್ದೂ ಮೈಕಿಗೆ ಬರುತ್ತದೆ. ಮಿಡಿಯಲ್ಲಿ ಈ ತಾಪತ್ರಯವೇ ಇಲ್ಲ. ಕೀಬೋರ್ಡ್ ಧ್ವನಿಯನ್ನು ಕಳಿಸುವುದಿಲ್ಲ. ಯಾವ ಸ್ವರ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಅನ್ನುವ ಮಾಹಿತಿ ಮಾತ್ರ ಲ್ಯಾಪ್‌ಟಾಪಿಗೆ ಹೋಗುತ್ತದೆ. ಫ್ಯಾನ್ ತಿರುಗಲಿ, ಜನವರಿಯಲ್ಲಿ ಗವಿಮಠದ ಜಾತ್ರೆಯ ಸದ್ದು ಕಿಟಕಿಯವರೆಗೆ ಬರಲಿ, ಕೆಲಸ ನಿಲ್ಲುವುದಿಲ್ಲ. ಕರೆಂಟ್ ಹೋದರೂ ನಿಲ್ಲುವುದಿಲ್ಲ, ಯಾಕೆಂದರೆ ಇಂಥ ಸಣ್ಣ ಕೀಬೋರ್ಡುಗಳು ಯುಎಸ್‌ಬಿ ತಂತಿಯಿಂದಲೇ ನಡೆಯುತ್ತವೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದ್ದರೆ ಸಾಕು.

ಈಗ ಕೀಗಳ ಲೆಕ್ಕ. ಅಂಗಡಿಯಲ್ಲಿ ಮೊದಲು ತೋರಿಸುವುದು 25 ಕೀ ಇರುವುದನ್ನು. ನೋಡಲು ಚೆಂದ, ಬ್ಯಾಗಿನಲ್ಲಿ ಹಿಡಿಸುತ್ತದೆ, ಬೆಲೆಯೂ ಕಡಿಮೆ. ಅಕಾಯ್ ಎಂಪಿಕೆ ಮಿನಿ, ಅರ್ಟೂರಿಯಾ ಮಿನಿಲ್ಯಾಬ್, ನೊವೇಶನ್ ಲಾಂಚ್‌ಕೀ ಮಿನಿ ಎಲ್ಲವೂ ಈ ಅಳತೆಯಲ್ಲಿ ಸಿಗುತ್ತವೆ. ಬೀಟ್ ಮಾಡುವವರಿಗೆ, ಹಲವು ಸ್ವರ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿಯುವವರಿಗೆ ಸಾಕು. ಆದರೆ ನಮ್ಮ ಹಾಡಿಗೆ ಲೆಕ್ಕ ಹಾಕಿ ನೋಡಿ. 25 ಅಂದರೆ ಎರಡು ಸಪ್ತಕ, ಮೇಲೆ ಒಂದು ಕೀ. (ಕೆಳಗಿನ ಸಪ್ತಕ ಮಂದ್ರ, ನಡುವಿನದು ಮಧ್ಯ, ಮೇಲಿನದು ತಾರ.) ಹಾಡುವವರು ಕಾಳಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲ ಕರಿ ಪಟ್ಟಿಯಲ್ಲಿ, ಸಾ ಹಿಡಿದರು ಅಂತಿಟ್ಟುಕೊಳ್ಳಿ. ಎಡತುದಿಯ ಕರಿ ಪಟ್ಟಿಯನ್ನು ಮಧ್ಯ ಸಪ್ತಕದ ಸಾ ಮಾಡಿಕೊಂಡರೆ ತಾರದ ನಿಷಾದದವರೆಗೆ ಹೋಗಬಹುದು, ಆದರೆ ಮಂದ್ರದಲ್ಲಿ ಒಂದೇ ಒಂದು ನಿ ಉಳಿಯುತ್ತದೆ. ಹಾಡಿನ ಮಧ್ಯೆ ಮಂದ್ರ ಪಂಚಮಕ್ಕೆ ಇಳಿಯಬೇಕಾದರೆ ಎಲ್ಲ ಕೀಗಳನ್ನೂ ಒಂದು ಸಪ್ತಕ ಕೆಳಗಿಳಿಸುವ ಆಕ್ಟೇವ್ ಗುಂಡಿ ಒತ್ತಬೇಕು. ಹೆಂಗಸರು ಕಾಳಿ ಐದಕ್ಕೆ ಹಾಡಿದರೆ ಮೇಲೆ ತಾರದ ರಿಷಭಕ್ಕೇ ಕೀ ಮುಗಿಯುತ್ತದೆ. ಆಲಾಪದ ನಡುವೆ ಗುಂಡಿ ಹುಡುಕುವುದು ನನಗಂತೂ ಒಗ್ಗುವುದಿಲ್ಲ. 37 ಕೀ ಇದ್ದರೆ ಮೂರು ಸಪ್ತಕ. ಕಾಳಿ ಒಂದಕ್ಕೆ ಮಂದ್ರದ ಸಾ ದಿಂದ ತಾರದ ನಿ ತನಕ ಪೂರ್ತಿ ಕೈಗೆ ಸಿಗುತ್ತದೆ. ಅಲ್ಲಿಗೆ ನನ್ನ ಪಟ್ಟಿಯಿಂದ 25 ಕೀಯವೆಲ್ಲ ಬಿದ್ದುಹೋದವು.

ಕೀ ಸಣ್ಣದಾದರೆ ಬೆರಳು ಕೂರುವುದಿಲ್ಲ ಅಂತ ಹಲವರು ಹೆದರಿಸುತ್ತಾರೆ. ಪಿಯಾನೊದಲ್ಲಿ ಒಂದು ಸಪ್ತಕದ ಅಗಲ ಸುಮಾರು 16.5 ಸೆಂ.ಮೀ. ನನ್ನ ಪೇಟಿಯ ಪಟ್ಟಿಗಳು ಅದಕ್ಕಿಂತ ಮೊದಲೇ ಕಿರಿದು, ಹಾಗಾಗಿ ಮಿನಿ ಕೀಗೆ ಬೆರಳು ಬೇಗ ಹೊಂದಿಕೊಂಡಿತು. ಪಿಯಾನೊ ಕಲಿಯುತ್ತಿರುವ ಮಕ್ಕಳಿಗೆ ಮಾತ್ರ ಇದನ್ನು ಕೊಡಿಸಬೇಡಿ. ಅವರಿಗೆ ಪೂರ್ಣ ಅಳತೆಯ 49 ಅಥವಾ 61 ಬೇಕು.

ಇನ್ನು ಎಡಗೈಯ ವಿಷಯ. ಪೇಟಿಯಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ ಅಂತ ನಮಗೆಲ್ಲ ಗೊತ್ತು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರಲೇಬೇಕು. ಮಿಡಿಯಲ್ಲಿ ಪಿಚ್ ಬೆಂಡ್ ಇದೆ. ಸ್ವರವನ್ನು ಒತ್ತಿ ಹಿಡಿದು, ಎಡಗೈಯಿಂದ ಅದನ್ನು ಮೇಲೆ ಕೆಳಗೆ ಜಾರಿಸಬಹುದು. ಒತ್ತಿದ ಬಿರುಸನ್ನು ಮಿಡಿ ಬರೀ 127 ಮೆಟ್ಟಿಲಲ್ಲಿ ಅಳೆಯುತ್ತದೆ, ಆದರೆ ಬೆಂಡ್‌ಗೆ 16,384 ಮೆಟ್ಟಿಲುಗಳಿವೆ, ಆದ್ದರಿಂದ ಜಾರುವಿಕೆ ನುಣುಪಾಗಿ ಬರಲು ಜಾಗ ಇದೆ. ಸಾರಂಗಿ, ಬಾನ್ಸುರಿ ಧ್ವನಿಗಳಿಗೆ ಜೀವ ಬರುವುದೇ ಇದರಿಂದ. ಪಕ್ಕದಲ್ಲಿರುವ ಇನ್ನೊಂದು, ಮಾಡ್ಯುಲೇಶನ್. ಅದನ್ನು ಸಾಫ್ಟ್‌ವೇರಿನಲ್ಲಿ ಎಕ್ಸ್‌ಪ್ರೆಶನ್‌ಗೆ, ಅಂದರೆ ಮಿಡಿಯ 11ನೇ ಕಂಟ್ರೋಲ್‌ಗೆ, ಜೋಡಿಸಿದರೆ ಅದೇ ನಿಮ್ಮ ತಿದಿ. ಮೇಲೆ ತಳ್ಳಿದರೆ ದನಿ ತುಂಬುತ್ತದೆ, ಕೆಳಗೆ ಎಳೆದರೆ ಕುಗ್ಗುತ್ತದೆ. ಪೇಟಿಯ ಧ್ವನಿಗೆ ವೆಲಾಸಿಟಿಯನ್ನು, ಅಂದರೆ ಒತ್ತಿದ ಬಿರುಸನ್ನು, ಫಿಕ್ಸ್ ಮಾಡಿಬಿಡಿ. ಪೇಟಿಯಲ್ಲಿ ಪಟ್ಟಿಯನ್ನು ಜೋರಾಗಿ ಒತ್ತಿದರೆ ದನಿ ಜೋರಾಗುವುದಿಲ್ಲವಲ್ಲ, ಗಾಳಿಯಿಂದ ಆಗುತ್ತದೆ.

ಈ ಎರಡು ಕೆಲಸಕ್ಕೆ ಸಣ್ಣ ಕೀಬೋರ್ಡುಗಳಲ್ಲಿ ಮೂರು ಬಗೆ ಇದೆ. ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಜಾಯ್‌ಸ್ಟಿಕ್, ಬೆರಳು ಜಾರಿಸುವ ಟಚ್ ಪಟ್ಟಿ, ನಿಜವಾಗಿ ತಿರುಗುವ ಗಾಲಿ. ಜಾಯ್‌ಸ್ಟಿಕ್‌ನಲ್ಲಿ ಬೆಂಡ್ ಅಡ್ಡಕ್ಕೆ, ಮಾಡ್ಯುಲೇಶನ್ ಉದ್ದಕ್ಕೆ, ಎರಡೂ ಒಂದೇ ಕಡ್ಡಿಯಲ್ಲಿ, ಬೆರಳು ಬಿಟ್ಟ ತಕ್ಷಣ ನಡುವಿಗೆ ವಾಪಸ್. ತಿದಿಯ ಕೆಲಸಕ್ಕೆ ಅದು ಹೊಂದುವುದಿಲ್ಲ, ನಾನು ಇಟ್ಟಲ್ಲೇ ದನಿ ನಿಲ್ಲಬೇಕು. ಟಚ್ ಪಟ್ಟಿ ಪರವಾಗಿಲ್ಲ, ಅರ್ಟೂರಿಯಾ ಕೀಸ್ಟೆಪ್ 37ರಲ್ಲಿ ಇರುವುದು ಅದೇ. ಆದರೆ ಬೆವರು ಬೆರಳಿಗೆ ಅದು ಹಿಡಿದುಕೊಂಡಂತಾಗುತ್ತದೆ, ನಮ್ಮ ಬೇಸಿಗೆಯಲ್ಲಿ ಬೆರಳು ಒಣಗಿರುವುದು ಯಾವಾಗ? ಗಾಲಿಯಲ್ಲಿ ಬೆಂಡ್ ತಾನಾಗಿ ನಡುವಿಗೆ ಮರಳುತ್ತದೆ, ಮಾಡ್ಯುಲೇಶನ್ ಬಿಟ್ಟಲ್ಲೇ ನಿಲ್ಲುತ್ತದೆ. ನನಗೆ ಬೇಕಾದದ್ದು ಸರಿಯಾಗಿ ಇದೇ. 37 ಮಿನಿ ಕೀ, ಎರಡು ಗಾಲಿ, ತಬಲಾ ಡಗ್ಗಾ ಬಡಿಯಲು ಎಂಟು ಪ್ಯಾಡ್ ಇರುವ ಅಕಾಯ್ ಎಂಪಿಕೆ ಮಿನಿ ಪ್ಲಸ್ ತಗೊಂಡೆ. ಸ್ವರಗಳನ್ನು ಸಾಲಾಗಿ ಹೊಂದಿಸಿಟ್ಟರೆ ತಾನೇ ನುಡಿಸುವ ಅದರ ಸೀಕ್ವೆನ್ಸರ್ ನಾನು ಮುಟ್ಟುವುದೇ ಇಲ್ಲ.

ತಂದ ಮೇಲೆ ಮೊದಲು ಹೊಂದಿಸಿಕೊಳ್ಳಬೇಕಾದದ್ದು ಬೆಂಡ್‌ನ ವ್ಯಾಪ್ತಿ. ಸಾಮಾನ್ಯವಾಗಿ ಅದು ಮೇಲೆ ಎರಡು, ಕೆಳಗೆ ಎರಡು ಸೆಮಿಟೋನ್ ಇರುತ್ತದೆ (ಕರಿ ಬಿಳಿ ಸೇರಿಸಿ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ ಒಂದು ಸೆಮಿಟೋನ್). ಶುದ್ಧ ಗಾಂಧಾರದಿಂದ ಪಂಚಮಕ್ಕೆ ಜಾರಬೇಕಾದರೆ ಮೂರು ಬೇಕು. ಹಾಗಂತ 12 ಇಟ್ಟರೆ ಗಾಲಿ ಕೂದಲೆಳೆ ಅಲುಗಿದರೂ ಸ್ವರ ಓಡಿಹೋಗುತ್ತದೆ, ದರ್ಬಾರಿ ರಾಗದ ಕೋಮಲ ಗಾಂಧಾರದ ಆಂದೋಲನ, ಅಂದರೆ ನಿಧಾನದ ತೂಗಾಟ, ಕೈಗೆ ಸಿಗುವುದಿಲ್ಲ. ನಾನು ನಾಲ್ಕಕ್ಕೆ ಇಡುತ್ತೇನೆ. ಇನ್ನೊಂದು ಗಮನಿಸಿ, ಬೆಂಡ್ ಒಂದು ಚಾನೆಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಳೆಯುತ್ತದೆ. ತಂಬೂರಿಯ ಶ್ರುತಿಯನ್ನು ಬೇರೆ ಟ್ರ್ಯಾಕಿನಲ್ಲೇ ಇಡಿ, ಇಲ್ಲದಿದ್ದರೆ ಅದೂ ಜೊತೆಗೆ ಜಾರುತ್ತದೆ.

ಒತ್ತಿದ ಮೇಲೆ ಸ್ವರ ತಡವಾಗಿ ಕೇಳಿಸಿದರೆ ಅದು ಹೆಚ್ಚಾಗಿ ಕೀಬೋರ್ಡಿನ ದೋಷ ಅಲ್ಲ. ಸಾಫ್ಟ್‌ವೇರಿನಲ್ಲಿ ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಧ್ವನಿಯ ತುಣುಕಿನ ಅಳತೆ, ಎಷ್ಟಿದೆ ನೋಡಿ. 44,100 ಸ್ಯಾಂಪಲ್ ರೇಟಿನಲ್ಲಿ 512 ಬಫರ್ ಅಂದರೆ ಸುಮಾರು 12 ಮಿಲಿಸೆಕೆಂಡ್, 128 ಅಂದರೆ ಸುಮಾರು 3. ವಿಂಡೋಸ್‌ನಲ್ಲಿ ಈ ತಡ ಕಡಿಮೆ ಮಾಡುವ ಆಸಿಯೊ (ASIO) ಡ್ರೈವರ್ ಹಾಕಿಕೊಂಡು, ನುಡಿಸುವಾಗ 128, ಕೊನೆಗೆ ಮಿಕ್ಸ್ ಮಾಡುವಾಗ 512 ಇಟ್ಟುಕೊಂಡರೆ ಹಳೆಯ ಲ್ಯಾಪ್‌ಟಾಪ್ ಕೂಡ ತಡೆದುಕೊಳ್ಳುತ್ತದೆ.

ಕೊಪ್ಪಳದಲ್ಲಿ ಇವನ್ನು ಮುಟ್ಟಿ ನೋಡಿ ತಗೊಳ್ಳುವುದು ಕಷ್ಟ, ನಾನು ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ ನೋಡಿ ಬಂದೆ. ನೀವೂ ಹೋಗುವುದಾದರೆ ಕೀಬೋರ್ಡನ್ನು ಫೋನಿಗೆ ಜೋಡಿಸುವ ಒಂದು ಓಟಿಜಿ ತಂತಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಫೋನಿನಲ್ಲಿ ಮಿಡಿ ತೆಗೆದುಕೊಳ್ಳುವ ಯಾವುದಾದರೂ ವಾದ್ಯದ ಆ್ಯಪ್ ಹಾಕಿಟ್ಟಿರಿ. ಅಂಗಡಿಯಲ್ಲೇ ಜೋಡಿಸಿ, ನಿಮ್ಮ ಸಾ ಹಿಡಿದು, ನಿಮಗೆ ಚೆನ್ನಾಗಿ ಬರುವ ಒಂದು ಪದವನ್ನು ಪೂರ್ತಿ ನುಡಿಸಿ ನೋಡಿ. ಮಂದ್ರದಿಂದ ತಾರದವರೆಗೆ, ಎಡಗೈಯನ್ನೂ ಬಳಸಿ.